ಕ್ಯಾಂಪು
‘ಸಾಹೇಬ್ರು ಕ್ಯಾಂಪ್ ಹೋಗಿದ್ದಾರೆ’ ಅಂದರೆ ಇವತ್ತು ಸಹಿ ಬೀಳುವುದಿಲ್ಲ ಎಂದರ್ಥ. ಕಣ್ಣಿನ ತಪಾಸಣೆಗೆ ಕ್ಯಾಂಪು, ಎನ್‌ಎಸ್‌ಎಸ್ ಹುಡುಗರಿಗೆ ಕ್ಯಾಂಪು. ನಾಲ್ಕು ದಿನ ಇದ್ದು ಡೇರೆ ಕಿತ್ತುಕೊಂಡು ಹೋಗುವುದು ಈ ಪದದ ಜಾಯಮಾನ. ದುಬಾರೆಯ ಆನೆ ಕ್ಯಾಂಪು ಮಾತ್ರ ಇದನ್ನು ಒಪ್ಪದೆ ಅಲ್ಲೇ ಉಳಿಯಿತು.

ತುಂಗಭದ್ರಾ ಕಾಲುವೆಯ ಬಯಲೂ ಒಪ್ಪಲಿಲ್ಲ. 1950ರ ದಶಕದಲ್ಲಿ ಕಾಲುವೆಗೆ ನೀರು ಬಂದದ್ದೇ ತಡ, ಆಂಧ್ರದ ರೈತರು ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಜಮೀನು ಹಿಡಿದು ಗುಡಿಸಲು ಹಾಕಿದರು. ಗುಡಿಸಲು ಹೋಗಿ ಮಹಡಿ ಬಂತು, ಅಕ್ಕಿ ಗಿರಣಿ ಬಂತು; ಊರಿನ ಹೆಸರು ಕ್ಯಾಂಪೇ. ಅದೇ ಸಿಂಧನೂರಿನಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿಗಳಿಗೆ ಆರ್.ಎಚ್. (ಪುನರ್ವಸತಿ) ಕ್ಯಾಂಪ್. ನಮ್ಮ ಕನ್ನಡದ್ದೇ ಪದ ‘ಬೀಡು’ ಕೂಡ ಹಿಂದೆ ದಂಡು ಇಳಿಯುತ್ತಿದ್ದ ಜಾಗವೇ. ಈಗ ನಾಡು-ಬೀಡು ಅನ್ನುತ್ತೇವೆ.

ಟಿಬೆಟನ್ನರ ಕ್ಯಾಂಪು ಮಾತ್ರ ಬೀಡಾಗಲಿಲ್ಲ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಕಾಡುಭೂಮಿ ಕೊಟ್ಟಿತು, ಆಮೇಲೆ ಮುಂಡಗೋಡ. ದೊಡ್ಡ ಮನಸ್ಸಿನ ಕೆಲಸವೇ. ಆದರೆ ಇಲ್ಲೇ ಹುಟ್ಟಿ, ಕನ್ನಡದಲ್ಲೇ ಚೌಕಾಸಿ ಮಾಡುವ ಮೊಮ್ಮಕ್ಕಳೂ ನೋಂದಣಿ ಪತ್ರ ನವೀಕರಿಸಿಕೊಳ್ಳಬೇಕು. ಕಾರಣ ಸರಳ: ನಮ್ಮ ಕಾನೂನಿಗೆ ‘ವಿದೇಶಿ’ ಗೊತ್ತು, ‘ನಿರಾಶ್ರಿತ’ ಗೊತ್ತಿಲ್ಲ. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಸ್ವಂತದ್ದೊಂದು ಕಾಯ್ದೆಯನ್ನೂ ಮಾಡಲಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದ ಟಿಬೆಟನ್ನರು ನಾಗರಿಕರೇ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಬೇಕಾಯಿತು. ಪೌರತ್ವ ಪಡೆದರೆ ತಾಯ್ನಾಡಿನ ಹೋರಾಟ ಸೊರಗುತ್ತದೆಂದು ಬೇಡವೆನ್ನುವ ಟಿಬೆಟನ್ನರೂ ಇದ್ದಾರೆ. ಇರಲಿ, ಬೇಡವೆನ್ನುವುದಕ್ಕೂ ಮೊದಲು ಹಕ್ಕು ಇರಬೇಕಲ್ಲ.

2019ರ ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗ ಈ ಕ್ಯಾಂಪುಗಳು ಬೇರೆಬೇರೆಯಾದವು. ಆರ್.ಎಚ್. ಕ್ಯಾಂಪಿನ ಹಿಂದೂ ಬಂಗಾಳಿಗೆ ಬಾಗಿಲು ತೆರೆಯಿತು. ಟಿಬೆಟನ್ನರು ಬೌದ್ಧರಾದರೂ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ ಎಂಬ ಕಾಯ್ದೆಯ ಪಟ್ಟಿಯಲ್ಲಿ ಚೀನಾ ಇಲ್ಲ. ಶ್ರೀಲಂಕಾದ ತಮಿಳರಲ್ಲಿ ಹೆಚ್ಚಿನವರು ಹಿಂದೂಗಳಾದರೂ ಅವರ ದೇಶ ಆ ಪಟ್ಟಿಯಲ್ಲಿಲ್ಲ. ರೋಹಿಂಗ್ಯಾಗಳಿಗೆ ದೇಶವೂ ಕೂಡಿಬರಲಿಲ್ಲ, ಧರ್ಮವೂ. ಜೀವ ಉಳಿಸಿಕೊಳ್ಳಲು ಓಡಿಬಂದವರನ್ನು ‘ಯಾಕೆ ಓಡಿಬಂದೆ’ ಎಂದು ಕೇಳದೆ, ‘ಯಾವ ದೇವರು, ಯಾವ ದೇಶ’ ಎಂದು ಕೇಳುವುದು ನ್ಯಾಯವಲ್ಲ.

ಎಲ್ಲರನ್ನೂ ಒಳಗೆ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಯಾರಿಗೆ ಆಶ್ರಯ, ಎಷ್ಟು ವರ್ಷದ ಮೇಲೆ ಪೌರತ್ವ ಎಂಬುದನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಹೇಳುವ ನಿರಾಶ್ರಿತರ ಕಾಯ್ದೆಯೊಂದನ್ನು ಸಂಸತ್ತು ಇನ್ನಾದರೂ ಮಾಡಬೇಕು.