ಸೊಳ್ಳೆಯ ವಂಶವಾಹಿಗೆ ವೈರಸ್ಸಿನ ದಾರಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕೆರೆಗಳ ಸೀಮೆ. ಕೆರೆ ಕೆಳಗಿನ ಗದ್ದೆಯ ನೀರಿನಲ್ಲಿ ಮರಿ ಮಾಡುವ ಕ್ಯೂಲೆಕ್ಸ್ ಸೊಳ್ಳೆಗಳು ಹಂದಿ, ಕೊಕ್ಕರೆಗಳಿಂದ ಜಪಾನೀಸ್ ಮಿದುಳುಜ್ವರದ ವೈರಸ್ಸನ್ನು ಹೀರಿ ಮಕ್ಕಳಿಗೆ ದಾಟಿಸುತ್ತವೆ. 1970ರ ದಶಕದ ಕೊನೆಯ ಹೊತ್ತಿಗೆ ಕೋಲಾರ ಜಿಲ್ಲೆ ಈ ಜ್ವರದಿಂದ ನಲುಗಿತ್ತು. ಇಲ್ಲಿ ಮಿದುಳುಜ್ವರದಿಂದ ತೀರಿಕೊಂಡವರಲ್ಲಿ ಜಪಾನೀಸ್ ವೈರಸ್ಸಿನ ಜೊತೆಗೆ ವೆಸ್ಟ್ ನೈಲ್ ವೈರಸ್ಸೂ ಸಿಕ್ಕಿತೆಂದು 1987ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಮಗುವಿನ ಮಿದುಳನ್ನು ಕೆಡಿಸುವ ವೈರಸ್ಸು ಸೊಳ್ಳೆಯ ಮೈಯಲ್ಲಿ ತುಂಬಿಕೊಂಡಿದ್ದರೂ ಸೊಳ್ಳೆ ಹಾಯಾಗಿ ಹಾರಾಡಿಕೊಂಡಿರುವುದು ಹೇಗೆ? ಉತ್ತರ ಇರುವುದು ಅದರ ವಂಶವಾಹಿಗಳಲ್ಲಿ. ಅವನ್ನು ಒಂದೊಂದಾಗಿ ಅಡಗಿಸಿ ನೋಡಲು ಸಿಕ್ಕ ಮೊದಲ ಸಾಧನಗಳಲ್ಲಿ ವೈರಸ್ಸೇ ಒಂದು.

ಈ ವಿದ್ಯೆಯ ಬುಡದಲ್ಲಿ ಭಾರತದ ಕೆಲಸವಿದೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಕೆ.ಆರ್.ಪಿ. ಸಿಂಗ್ ಈಡಿಸ್ ಸೊಳ್ಳೆಯ ಮರಿಗಳಿಂದ ಜೀವಕೋಶಗಳನ್ನು ಬೇರ್ಪಡಿಸಿ ಗಾಜಿನ ಪಾತ್ರೆಯಲ್ಲಿ ನಿರಂತರ ಬೆಳೆಸಿದರು. 1967ರಲ್ಲಿ ಅದು ಪ್ರಕಟವಾದದ್ದು ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಆ ಕೋಶಗಳಿಂದಲೇ 1978ರಲ್ಲಿ ಇಗರಾಶಿ ಎಂಬ ವಿಜ್ಞಾನಿ ಸಿ6/36 ಎಂಬ ತಳಿಯನ್ನು ಆಯ್ದರು. ಸೊಳ್ಳೆ ಹರಡುವ ವೈರಸ್ಸುಗಳನ್ನು ಬೆಳೆಸುವ ಪ್ರಯೋಗಾಲಯಗಳು ಇಂದಿಗೂ ಅದನ್ನೇ ನೆಚ್ಚಿಕೊಂಡಿವೆ. ಅದರಲ್ಲಿ ವೈರಸ್ಸು ಅಷ್ಟು ಹುಲುಸಾಗಿ ಬೆಳೆಯಲು ಕಾರಣ ತಿಳಿದದ್ದು 2010ರಲ್ಲಿ: ವೈರಸ್ಸಿನ ಆರ್‌ಎನ್‌ಎಯನ್ನು ಕತ್ತರಿಸುವ ಡೈಸರ್-2 ಆ ಕೋಶಗಳಲ್ಲಿ ಕೆಲಸ ಮಾಡುವುದಿಲ್ಲ.

1990ರ ದಶಕದಲ್ಲಿ ಅಮೆರಿಕದ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದವರು ಚಿಕುನ್‌ಗುನ್ಯದ ಬಳಗಕ್ಕೇ ಸೇರಿದ ಸಿಂಡ್‌ಬಿಸ್ ವೈರಸ್ಸನ್ನು ಕೈಗೆತ್ತಿಕೊಂಡರು. ತಮಗೆ ಬೇಕಾದ ಆರ್‌ಎನ್‌ಎ ತುಣುಕನ್ನು ಅದರಲ್ಲಿ ಸೇರಿಸಿ ಸೊಳ್ಳೆಗೆ ಚುಚ್ಚಿದರು. ಡೆಂಗಿ ವೈರಸ್ಸಿನ ಒಂದು ತುಣುಕನ್ನು ತಿರುವುಮುರುವಾಗಿ ಸೇರಿಸಿದಾಗ ಈಡಿಸ್ ಈಜಿಪ್ಟಿಯ ಜೊಲ್ಲುಗ್ರಂಥಿಯಲ್ಲಿ ಡೆಂಗಿ ಬೆಳೆಯಲಿಲ್ಲ. 1996ರ ಈ ಫಲಿತಾಂಶದ ನಂತರ ಅದೇ ಉಪಾಯದಿಂದ ಸೊಳ್ಳೆಯ ಸ್ವಂತ ವಂಶವಾಹಿಗಳನ್ನು ಅಡಗಿಸುವ ಸರದಿ. 2001ರಲ್ಲಿ ಆರ್ಮಿಜೆರಿಸ್ ಸೊಳ್ಳೆಯಲ್ಲಿ ಒಂದು ವಂಶವಾಹಿಯನ್ನು ಅಡಗಿಸಿದಾಗ, ಒಳಹೊಕ್ಕ ಆನೆಕಾಲು ಜಾತಿಯ ಹುಳುಮರಿಗಳ ಸುತ್ತ ಕಪ್ಪು ಕವಚ ಕಟ್ಟುವ ಅದರ ಶಕ್ತಿ ಕುಂದಿತು.

ನನ್ನ ಮಟ್ಟಿಗೆ ಈ ಸಾಲಿನ ಅತ್ಯಂತ ಸೊಗಸಾದ ಪ್ರಯೋಗ 2003ರದು. ಈಡಿಸ್ ಈಜಿಪ್ಟಿ ಹೆಣ್ಣು ರಕ್ತ ಕುಡಿಯದೆ ಮೊಟ್ಟೆ ಕಟ್ಟುವುದಿಲ್ಲ; ಮೊಟ್ಟೆಗೆ ಬೇಕಾದ ಪ್ರೋಟೀನಿನ ವಂಶವಾಹಿ ಅಲ್ಲಿಯವರೆಗೆ ತೂಬು ಮುಚ್ಚಿದ ಕೆರೆಯಂತೆ ಸುಮ್ಮನಿರುತ್ತದೆ. ಅದನ್ನು ತಡೆಹಿಡಿದಿರುವುದು ಗಾಟಾ ಗುಂಪಿನ ಒಂದು ಪ್ರೋಟೀನು ಎಂಬ ಊಹೆಯಿತ್ತು. ಸಿಂಡ್‌ಬಿಸ್ ಮೂಲಕ ಅದನ್ನು ಅಡಗಿಸಿದಾಗ ರಕ್ತ ಕುಡಿಯುವ ಮೊದಲೇ ಆ ವಂಶವಾಹಿಯ ಚಟುವಟಿಕೆ ಏರಿತು. ಸೊಳ್ಳೆ ನಮ್ಮನ್ನು ಕಚ್ಚಲೇಬೇಕಾದ ಕಾರಣದ ಒಂದು ಎಳೆ ಹೀಗೆ ಸಿಕ್ಕಿತು.

ತೊಡಕೂ ಇತ್ತು. ಸಿಂಡ್‌ಬಿಸ್ ಬಂದೊಡನೆ ಸೊಳ್ಳೆ ತನ್ನ ಆರ್‌ಎನ್‌ಎ ಕತ್ತರಿಸುವ ರಕ್ಷಣೆಯನ್ನು ಎಬ್ಬಿಸುತ್ತದೆ. ಆ ರಕ್ಷಣೆಯನ್ನು ಮುರಿಯುವ ಪ್ರೋಟೀನನ್ನು ವೈರಸ್ಸಿಗೇ ಕೊಟ್ಟಾಗ ಸೊಳ್ಳೆಗಳು ಸತ್ತವು ಎಂದು 2008ರಲ್ಲಿ ತಿಳಿಯಿತು. ಸೊಳ್ಳೆಯ ಹಾಯಾದ ಹಾರಾಟದ ಗುಟ್ಟು ಬಹುಮಟ್ಟಿಗೆ ಇದೇ. ಆದರೆ ತುಣುಕನ್ನು ಹೊತ್ತೊಯ್ಯುವ ವೈರಸ್ಸೇ ಸೊಳ್ಳೆಯ ದೇಹವನ್ನು ಕಲಕಿದರೆ, ಕಂಡ ಬದಲಾವಣೆ ಅಡಗಿಸಿದ ವಂಶವಾಹಿಯದೋ ವೈರಸ್ಸಿನದೋ ಎಂಬ ಅನುಮಾನ ಉಳಿಯುತ್ತದೆ. ಸಾಲದ್ದಕ್ಕೆ, ಸಿಂಡ್‌ಬಿಸ್ ಮನುಷ್ಯನಿಗೂ ತಗಲುತ್ತದೆ.

ಹೀಗಾಗಿ ಗಮನ ಡೆನ್ಸೊವೈರಸ್ ಕಡೆ ಹೊರಳಿತು. ಸೊಳ್ಳೆಗಳ ಈ ಪುಟ್ಟ ಡಿಎನ್‌ಎ ವೈರಸ್ಸು ಸಿ6/36 ಕೋಶಗಳಲ್ಲೂ ಸದ್ದಿಲ್ಲದೆ ನೆಲೆಸಿತ್ತು. 2008ರಲ್ಲಿ ವಿಜ್ಞಾನಿ ಜೇಸನ್ ರಾಸ್ಗನ್ ಗುಂಪು ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆಯಲ್ಲೂ ಒಂದನ್ನು ಕಂಡುಹಿಡಿಯಿತು. ಹಸಿರಾಗಿ ಹೊಳೆಯುವ ಪ್ರೋಟೀನನ್ನು ಅದರ ಮೂಲಕ ಸೊಳ್ಳೆಯೊಳಗೆ ಕಳಿಸಿತು. 2011ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ಈಡಿಸ್ ಮರಿಗಳ ವಂಶವಾಹಿಯನ್ನು ಇದೇ ಬಗೆಯಲ್ಲಿ ಅಡಗಿಸಲಾಯಿತು. ಆದರೆ ಇದರ ಜೀನೋಮ್ ಬರೀ 4,000 ಅಕ್ಷರಗಳಷ್ಟು. ದೊಡ್ಡ ವಂಶವಾಹಿ ಹಿಡಿಸುವುದಿಲ್ಲ.

ಈ ಪ್ರಯೋಗಗಳಲ್ಲಿ ಹೆಚ್ಚಿನವು ಈಡಿಸ್ ಮತ್ತು ಆಫ್ರಿಕಾದ ಗ್ಯಾಂಬಿಯೆ ಮೇಲೆ ನಡೆದಿವೆ. ನಮ್ಮ ಹಳ್ಳಿಗಳ ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಬೇರೆಯೇ ಸಮಸ್ಯೆ. ನೋಡಲು ಒಂದೇ ಆದ ಐದು ಪ್ರಭೇದಗಳ ಗುಂಪು ಅದು. ಎ ಪ್ರಭೇದ ಮಲೇರಿಯಾ ಹರಡುತ್ತದೆ, ಬಿ ಪ್ರಭೇದ ಹರಡುವುದು ತೀರಾ ಕಡಿಮೆ. 1990ರ ದಶಕದಲ್ಲಿ ಬಂಗಾರಪೇಟೆಯ ಕಾಮಸಮುದ್ರ ಭಾಗದ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟು ಎ ಪ್ರಭೇದವನ್ನು ಹತ್ತಿಕ್ಕಿದರು, ಮಲೇರಿಯಾ ಇಳಿಯಿತು. ಎ, ಬಿ ಪ್ರಭೇದಗಳ ನಡುವಿನ ವಂಶವಾಹಿಯ ವ್ಯತ್ಯಾಸ ಇಂಥ ಸಾಧನಕ್ಕೆ ಹೇಳಿ ಮಾಡಿಸಿದ ಪ್ರಶ್ನೆ. ಗದ್ದೆಯ ಕ್ಯೂಲೆಕ್ಸ್ ಕೂಡ ಅಷ್ಟೇ ಮುಖ್ಯ.

ವಂಶವಾಹಿಯನ್ನೇ ತಿದ್ದುವ ಕ್ರಿಸ್ಪರ್ ತಂತ್ರ ಬಂದ ಮೇಲೆ ವೈರಸ್ಸಿನ ದಾರಿ ಹಳತಾಯಿತೆಂದು ಕೆಲವರ ಅಭಿಪ್ರಾಯ. ನಾನು ಒಪ್ಪುವುದಿಲ್ಲ. ಕ್ರಿಸ್ಪರ್‌ಗೆ ಸಾಮಾನ್ಯವಾಗಿ ಭ್ರೂಣಕ್ಕೆ ಚುಚ್ಚಬೇಕು, ತಳಿ ಉಳಿಸಿಕೊಳ್ಳಬೇಕು. ಬೆಳೆದ ಸೊಳ್ಳೆಯಲ್ಲಿ ಬೇಗ ಪರೀಕ್ಷಿಸಲು ವೈರಸ್ಸು ಇನ್ನೂ ಅನುಕೂಲ. ಬೆಂಗಳೂರಿನಲ್ಲಿ ಟಾಟಾ ಜೆನೆಟಿಕ್ಸ್ ಅಂಡ್ ಸೊಸೈಟಿ ಸಂಸ್ಥೆಯಂಥ ಕಡೆ ಸೊಳ್ಳೆ ಸಾಕುವ, ಜೀನೋಮ್ ಓದುವ ಸೌಲಭ್ಯವಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ಜಿಲ್ಲೆಯ ಒಣಗಿದ ಕೆರೆಗಳನ್ನು ತುಂಬುತ್ತಿದೆ. ನೀರು ನಿಂತಲ್ಲಿ ಸೊಳ್ಳೆಯೂ ಬರುತ್ತದೆ. ಈ ಕೆರೆಗಳ ಸೊಳ್ಳೆಗಳನ್ನು ಬಿಗಿ ಭದ್ರತೆಯ ಪ್ರಯೋಗಾಲಯದೊಳಗೆ ಅಭ್ಯಾಸ ಮಾಡುವ ಯೋಜನೆಯನ್ನು ಬೆಂಗಳೂರಿನ ಸಂಸ್ಥೆಗಳು ಕೈಗೆತ್ತಿಕೊಳ್ಳಬೇಕು, ಸರ್ಕಾರ ಅದಕ್ಕೆ ಹಣ ಕೊಡಬೇಕು.