ಹಿಮಹೆಬ್ಬಾತುಗಳ ದ್ವೀಪದಲ್ಲಿ ಸೈಕಲ್ ದಾರಿ

ಅಮೆರಿಕದ ವರ್ಜೀನಿಯಾ ಕರಾವಳಿಯ ಅಸಾಟೀಗ್ ದ್ವೀಪದಲ್ಲಿ 1943ರಲ್ಲಿ ಚಿಂಕಟೀಗ್ ವನ್ಯಜೀವಿಧಾಮ ಹುಟ್ಟಿದ್ದು ವಲಸೆ ಬರುವ ಹಿಮಹೆಬ್ಬಾತುಗಳಿಗಾಗಿ. ಜಾಗ ಕೊಳ್ಳಲು ಹಣ ಬಂದದ್ದು ಬೇಟೆಗಾರರು ಕೊಳ್ಳಲೇಬೇಕಿದ್ದ ಬಾತುಕೋಳಿ ಸ್ಟಾಂಪಿನಿಂದ!

ಆಗ ದ್ವೀಪಕ್ಕೆ ಸೇತುವೆ ಇರಲಿಲ್ಲ. 1962ರಲ್ಲಿ ಬಂತು, ಬೆನ್ನಿಗೇ ಕಾರುಗಳೂ ಬಂದವು.

ಹಕ್ಕಿಗಳ ಕೊಳವನ್ನು ಸುತ್ತುವ ಸುಮಾರು 5 ಕಿಲೋಮೀಟರ್ ದಾರಿಗೆ ಧಾಮದವರು ಮಾಡಿರುವ ಏರ್ಪಾಡು ನಿಜಕ್ಕೂ ಮೆಚ್ಚತಕ್ಕದ್ದು: ಮಧ್ಯಾಹ್ನ 3 ಗಂಟೆಯವರೆಗೆ ಅಲ್ಲಿ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಮಾತ್ರ ಪ್ರವೇಶ. ಏರಿಳಿತವಿಲ್ಲದ ನೆಲ, ಮಕ್ಕಳೂ ಸಲೀಸಾಗಿ ತುಳಿಯಬಲ್ಲರು. ನೀರಂಚಿನಲ್ಲಿ ಬೆಳ್ಳಕ್ಕಿ, ಜೌಗಿನಾಚೆ ಮೇಯುವ ಕಾಡುಕುದುರೆಗಳು, ಪೈನ್ ಮರಗಳ ನಡುವೆ ಡೆಲ್ಮಾರ್ವಾ ಅಳಿಲು. ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ದಶಕಗಳ ಕಾಲ ಇದ್ದ ಈ ಅಳಿಲಿನ ಸಂತತಿ ಚೇತರಿಸಿಕೊಂಡು, 2015ರಲ್ಲಿ ಪಟ್ಟಿಯಿಂದ ಹೊರಬಂತು.