ಹೊಸ್ತಿಲಲ್ಲೇ ನಿಂತ ಕಾನೂನು

ಶಿಡ್ಲಘಟ್ಟಕ್ಕೆ ಬಸ್ಸಲ್ಲಿ ಬರೋರಿಗೆ ಊರು ಕಣ್ಣಿಗೆ ಕಾಣೋ ಮುಂಚೆ ಮೂಗಿಗೆ ಸಿಗುತ್ತೆ. ಬೆಂದ ರೇಷ್ಮೆಗೂಡಿನ ವಾಸನೆ. ಹೊಸಬರು ಕರ್ಚೀಫು ಹುಡುಕ್ತಾರೆ. ನಮಗೆ ಅದು ಊರು ಬಂತು, ಚೀಲ ಎತ್ಕೋ ಅನ್ನೋ ಸೂಚನೆ.

ನಾಲ್ಕನೇ ಕ್ಲಾಸಲ್ಲಿ ನನ್ನ ಪಕ್ಕ ಕೂರ್ತಿದ್ದ ಹುಡುಗನ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರ್ತಿದ್ವು. ಅಲ್ಲಲ್ಲಿ ಚರ್ಮ ಸುಲಿದಿರ್ತಿತ್ತು. ಬಳಪ ಗಟ್ಟಿಯಾಗಿ ಹಿಡಿಯೋಕೆ ಆಗ್ತಿರ್ಲಿಲ್ಲ. ಅಕ್ಷರ ಸೊಟ್ಟ ಅಂತ ಅವನಿಗೆ ಏಟು ಬೀಳ್ತಿತ್ತು. ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಸ್ವಲ್ಪ ದಿನ ಹಾಜರಿ ಕೂಗಿದರು, ಆಮೇಲೆ ಹೆಸರು ಬಿಟ್ಟರು. ಅವನ ಮನೆ ಶಾಲೆಯಿಂದ ಮೂರೇ ಬೀದಿ ಆಚೆ. ಯಾರೂ ಹೋಗಿ ಕೇಳಲಿಲ್ಲ. ನಾನೂ ಹೋಗಲಿಲ್ಲ.

ಆ ಮೂರು ಬೀದಿಯ ದೂರ ಎಷ್ಟು ಅನ್ನೋದನ್ನ ಅರ್ಥ ಮಾಡ್ಕೊಳ್ಳೋಕೆ ಇತಿಹಾಸದಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಸೀಮೆ ಆಗ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆ. (ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ.) ಮಕ್ಕಳನ್ನ ಕಾಪಾಡೋ ಕಾನೂನಿನ ವಿಷಯದಲ್ಲಿ ಮೈಸೂರು ಹಿಂದೆ ಬಿದ್ದಿರಲಿಲ್ಲ. 1894ರಲ್ಲೇ ಶಿಶುವಿವಾಹ ತಡೆ ಕಾಯ್ದೆ ಬಂತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡೋ ಹಾಗಿಲ್ಲ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನ ಮದುವೆಯಾಗೋ ಹಾಗಿಲ್ಲ. ಇವತ್ತು ಓದಿದರೆ "ಎಂಟು ವರ್ಷಾನಾ?" ಅಂತ ಗಾಬರಿಯಾಗುತ್ತೆ. ಆದರೆ ಆ ಎಂಟಕ್ಕೂ ಅವತ್ತು ಕಾನೂನು ಬೇಕಾಗಿತ್ತು ಅನ್ನೋದರಲ್ಲೇ ಆಗಿನ ಸ್ಥಿತಿ ಗೊತ್ತಾಗುತ್ತೆ.

1913ರಲ್ಲಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು. ಆಗ ದಿವಾನರಾಗಿದ್ದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಅಕ್ಷರ ಕಲಿತು, ಬೆಂಗಳೂರಲ್ಲಿ ಮನೆಪಾಠ ಹೇಳಿಕೊಂಡು ಕಾಲೇಜು ಓದಿದ ಹುಡುಗ ಮುಂದೆ ದಿವಾನನಾಗಿ, ಮಕ್ಕಳನ್ನ ಶಾಲೆಗೆ ಕಳಿಸೋದು ಕಡ್ಡಾಯ ಅಂದದ್ದು ಸಣ್ಣ ಮಾತಲ್ಲ. ಆದರೆ ಆ ಕಡ್ಡಾಯ ಆಯ್ದ ಕೆಲವು ಜಾಗಗಳಿಗೆ ಮಾತ್ರ. ಮಿಕ್ಕ ಕಡೆ ಮಗು ಶಾಲೆಗೆ ಹೋಗಬೇಕೋ ಹೊಲಕ್ಕೆ ಹೋಗಬೇಕೋ ಅನ್ನೋದು ಮನೆಯ ಹೊಸ್ತಿಲೊಳಗೇ ತೀರ್ಮಾನ ಆಗ್ತಿತ್ತು.

ಆ ಕಾಲದಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲಿ ಒಬ್ಬ ಹುಡುಗ ಇದ್ದ. ಹುಟ್ಟಿದ್ದು 1920. ತಾಯಿ ವೆಂಕಟಮ್ಮ ಕೂಲಿ ಮಾಡ್ತಿದ್ದರು. ಊರಿನ ಶಾಲೆ ಮುಗಿದ ಮೇಲೆ ಮುಂದಕ್ಕೆ ಓದಿಸೋ ಶಕ್ತಿ ಮನೇಲಿರಲಿಲ್ಲ. ಈ ಹುಡುಗ ಮುಂದೆ ಬರ್ತಾನೆ ಅಂತ ಗುರುತಿಸಿ ಬೆಂಗಳೂರಿಗೆ ಕರೆಸಿಕೊಂಡವರು ಹಳ್ಳಿಯಲ್ಲಿ ಪಾಠ ಹೇಳಿದ್ದ ಮೇಷ್ಟರು. ಬಸ್ ಚಾರ್ಜಿಗೆ ದುಡ್ಡಿಲ್ಲ. ಹುಡುಗ ಎರಡು ದಿನ ನಡೆದು ಬೆಂಗಳೂರು ಸೇರಿದ. 1935ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿಕೊಂಡ. ಅವರೇ ನಮ್ಮ ಎಚ್. ನರಸಿಂಹಯ್ಯನವರು, ಎಲ್ಲರ ಬಾಯಲ್ಲೂ ಎಚ್ಚೆನ್.

ಮುಂದಿನದು ನಿಮಗೆ ಗೊತ್ತು. 1942ರ ಚಳವಳಿ, ಜೈಲು, ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಹುದ್ದೆ, ಪದ್ಮಭೂಷಣ. ಕುಲಪತಿ ಆಗಿದ್ದವರು ಕೊನೇವರೆಗೂ ವಾಸ ಮಾಡಿದ್ದು ಕಾಲೇಜಿನ ಹಾಸ್ಟೆಲ್ ರೂಮಿನಲ್ಲಿ. ಮೇಷ್ಟರು ತನಗೆ ಮಾಡಿದ್ದನ್ನ ಅವರು ಮರೀಲಿಲ್ಲ. ಗೌರಿಬಿದನೂರಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜು ತೆರೆದರು. ನಮ್ಮ ಕಡೆಯ ಹುಡುಗರು ಓದೋಕೆ ಎರಡು ದಿನ ನಡೀಬೇಕಾಗಿಲ್ಲ ಅನ್ನೋ ಹಾಗೆ ಮಾಡಿದರು. ಇಷ್ಟಕ್ಕೆಲ್ಲ ಮೊದಲ ಕಾರಣ ಯಾವ ಕಾಯ್ದೆಯೂ ಅಲ್ಲ. ಒಬ್ಬ ಮೇಷ್ಟರು ಆ ಹುಡುಗ ಎಲ್ಲಿದ್ದಾನೆ, ಏನು ಮಾಡ್ತಿದ್ದಾನೆ ಅಂತ ಜ್ಞಾಪಕ ಇಟ್ಟುಕೊಂಡಿದ್ದರು, ಅಷ್ಟೆ.

ಈಗ ಮತ್ತೆ ರೇಷ್ಮೆಗೆ ಬರೋಣ. ಗೂಡನ್ನ ಕುದಿಯೋ ನೀರಲ್ಲಿ ಬೇಯಿಸಿದರೆ ಅಂಟು ಸಡಿಲವಾಗಿ ಎಳೆಯ ತುದಿ ಸಿಗುತ್ತೆ. ಹಲವು ಗೂಡುಗಳ ತುದಿ ಕೂಡಿಸಿ ರಾಟೆಗೆ ಕೊಟ್ಟರೆ ಒಂದು ನೂಲು. ಹಳೇ ಚರಕದ ಕಾಲದಲ್ಲಿ ಒಬ್ಬರು ಚಕ್ರ ತಿರುಗಿಸಬೇಕು, ಇನ್ನೊಬ್ಬರು ಬಿಸಿನೀರಿನ ಮುಂದೆ ಕೂತು ತುದಿ ಹುಡುಕಬೇಕು. ಆಮೇಲೆ ಹುರಿ ಮಾಡೋ ಮಿಷನ್ನು ಬಂತು. ಅಲ್ಲಿ ದಿನಪೂರ್ತಿ ನಿಂತು, ಕಡಿದುಹೋದ ಎಳೆಗೆ ಗಂಟು ಹಾಕಬೇಕು. ಇದಕ್ಕೆ ಸಣ್ಣ ಕೈ ಅನುಕೂಲ ಅಂತ ಹೇಳ್ತಿದ್ದರು. ನಿಜವಾದ ಅನುಕೂಲ ಏನು ಅಂದ್ರೆ ಸಣ್ಣ ಕೈಗೆ ಸಣ್ಣ ಕೂಲಿ. ಅದಕ್ಕೂ ದೊಡ್ಡ ಅನುಕೂಲ ಮುಂಗಡ. ಅಪ್ಪನೋ ಅಮ್ಮನೋ ಖಾಯಿಲೆಗೆ, ಮದುವೆಗೆ ಸಾಲ ತಗೊಂಡರೆ ಅದನ್ನ ತೀರಿಸೋದು ಮಗುವಿನ ಕೆಲಸ.

ಇದಕ್ಕೆ ಕಾನೂನು ಇರಲಿಲ್ಲ ಅಂದ್ಕೋಬೇಡಿ. ಮುಂಗಡ ತಗೊಂಡು ಮಗುವಿನ ದುಡಿಮೆಯನ್ನ ಒತ್ತೆ ಇಡೋ ಕರಾರು ಊರ್ಜಿತ ಅಲ್ಲ ಅಂತ ಬ್ರಿಟಿಷ್ ಇಂಡಿಯಾದಲ್ಲಿ 1933ರಲ್ಲೇ ಕಾಯ್ದೆ ಆಗಿತ್ತು. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಅಂಥ ಸಾಲವನ್ನೇ ವಜಾ ಮಾಡಿತು. ಹತ್ತು ವರ್ಷದೊಳಗೆ ಹದಿನಾಲ್ಕರವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡೋ ಪ್ರಯತ್ನ ಆಗಬೇಕು ಅಂತ 1950ರ ಸಂವಿಧಾನ ಹೇಳಿತು. ಆ ಹತ್ತು ವರ್ಷ ಎಳೆದು ಎಳೆದು ಅರವತ್ತಾಯಿತು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ.

ನಡುವೆ 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು. ಅದರಲ್ಲೊಂದು ವಿನಾಯಿತಿ ಇತ್ತು: ಮನೆಯವರೇ ಸೇರಿ ನಡೆಸೋ ಕೆಲಸಕ್ಕೆ ಅದರ ನಿಷೇಧ ಅನ್ವಯ ಆಗ್ತಿರಲಿಲ್ಲ. ಕಾಗದದ ಮೇಲೆ ಸಣ್ಣ ವಿನಾಯಿತಿ. ಮನೆ ಹಿಂದಿನ ಶೆಡ್ಡಲ್ಲಿ ನೂಲು ಬಿಚ್ಚೋ ಊರಲ್ಲಿ ಅದು ದೊಡ್ಡ ಬಾಗಿಲು. "ನಮ್ಮಕ್ಕನ ಮಗ ಸಾರ್, ಸುಮ್ನೆ ಆಡ್ಕೊಂಡಿದ್ದಾನೆ" ಅಂದ್ರೆ ಬಂದ ಅಧಿಕಾರಿ ಏನು ಮಾಡಬೇಕು? ಕಾನೂನು ಹೊಸ್ತಿಲಲ್ಲೇ ನಿಂತುಕೊಳ್ತಿತ್ತು.

1996ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು, ಕಾಯ್ದೆ ಮೀರಿ ದುಡಿಸಿಕೊಂಡ ಮಾಲೀಕ ಮಗುವೊಂದಕ್ಕೆ 20,000 ರೂಪಾಯಿ ಕಟ್ಟಬೇಕು ಅಂತ ಹೇಳಿತು. ಆದರೂ 2003ರ ಜನವರಿಯಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ತಂದಾಗ, ಉತ್ತರ ಪ್ರದೇಶ, ತಮಿಳುನಾಡಿನ ಜೊತೆ ಕರ್ನಾಟಕದ ಹೆಸರೂ ಇತ್ತು. ದಿನಕ್ಕೆ ಹನ್ನೆರಡು ಗಂಟೆ, ಅದಕ್ಕೂ ಹೆಚ್ಚು ದುಡಿಮೆ, ಕುದಿನೀರಲ್ಲಿ ಬೆಂದ ಕೈಗಳು, ತೀರದ ಮುಂಗಡ. ಅದನ್ನ ಓದಿದಾಗ ನನಗೆ ವರದಿ ಓದಿದ ಹಾಗೆ ಅನ್ನಿಸಲಿಲ್ಲ. ಪಕ್ಕ ಕೂತಿದ್ದ ಹುಡುಗನ ಬೆರಳು ನೋಡಿದ ಹಾಗಾಯಿತು.

ಚರಕಗಳು ಈಗ ಕಮ್ಮಿಯಾಗಿವೆ, ಮೋಟರು ಬಂದಿದೆ, ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಗೇ ಅಂತ ಒಂದು ಕಾಲೇಜೂ ಇದೆ. ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಇದೆ, 2013ರಿಂದ ಹಾಲೂ ಇದೆ. ಮಗುವನ್ನ ತರಗತಿಯಲ್ಲಿ ಉಳಿಸೋದರಲ್ಲಿ ಒಂದು ತಟ್ಟೆ ಅನ್ನ ಸಾರಿನ ಪಾಲು ಯಾವ ಕಾಯ್ದೆಗೂ ಕಮ್ಮಿ ಅಲ್ಲ ಅಂತ ನನ್ನ ನಂಬಿಕೆ. 2016ರ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನ ಎಲ್ಲ ಕಡೆ ನಿಷೇಧಿಸಿತು. ಆದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆಕಸುಬಿಗೆ ಕೈ ಹಾಕಬಹುದು ಅಂತ ಬಿಟ್ಟಿತು. ಅಂದರೆ ಹೊಸ್ತಿಲು ಇನ್ನೂ ಅಲ್ಲೇ ಇದೆ.

ಮಗ ಅಪ್ಪನ ಕಸುಬು ಕಲಿಯೋದು ತಪ್ಪಾ ಅಂತ ಕೇಳ್ತೀರಿ. ತಪ್ಪಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದ, ಹುಳಕ್ಕೆ ಮೇವು ಹಾಕಿದ ಮಕ್ಕಳೇ ನಾವೆಲ್ಲ. ಆದರೆ ಕಲಿಯೋ ಮಗು ನಾಳೆ ಬೆಳಿಗ್ಗೆ ಶಾಲೆಗೆ ಹೋಗುತ್ತೆ, ಸಾಲ ತೀರಿಸೋ ಮಗು ಹೋಗಲ್ಲ. ಎರಡಕ್ಕೂ ಇರೋ ವ್ಯತ್ಯಾಸ ಬೀದಿಯಲ್ಲಿ ನಿಂತ ಇನ್‌ಸ್ಪೆಕ್ಟರಿಗೆ ಕಾಣಲ್ಲ. ಮೇಷ್ಟರಿಗೆ, ಅಂಗನವಾಡಿ ಅಕ್ಕನಿಗೆ, ಪಕ್ಕದ ಮನೆಯವರಿಗೆ ಕಾಣುತ್ತೆ. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ನಾವು ಕಳ್ಕೊಂಡಿದ್ದು ಬರೀ ಪಾಠ ಅಲ್ಲ, ದಿನಾ ಹಾಜರಿ ಕೂಗೋ ಆ ಕಣ್ಣನ್ನ.

ಈಗ 1098 ಇದೆ, ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ಇದೆ. ಫೋನ್ ಮಾಡೋರು ಬೇಕು, ಸಭೆಯಲ್ಲಿ ಮಕ್ಕಳು ಮಾತಾಡಿದಾಗ ಕೇಳಿಸಿಕೊಳ್ಳೋರು ಬೇಕು. ಹೊಸೂರಿನ ಹುಡುಗನಿಗೆ ಒಬ್ಬ ಮೇಷ್ಟರು ಸಿಕ್ಕರು, ಬೆಂಗಳೂರಿನಷ್ಟು ದೂರದಿಂದಲೂ ಅವನನ್ನ ಕರೆದರು. ನನ್ನ ಪಕ್ಕ ಕೂತಿದ್ದವನ ಮನೆಗೆ ಮೂರೇ ಬೀದಿ ಇತ್ತು.

ನಿಮ್ಮ ಬೀದಿಯಲ್ಲಿ ಒಂದು ಮಗು ಒಂದು ವಾರದಿಂದ ಶಾಲೆಗೆ ಹೋಗಿಲ್ಲ ಅಂದ್ರೆ, ಇವತ್ತು ಸಂಜೆ ಹೋಗಿ ಬಾಗಿಲು ತಟ್ಟಿ. ಯಾಕೆ ಅಂತ ಕೇಳಿ.